ಇಟ್ಟಿಗೆ ರಾಯರ ಮಡಿ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಈಗ ಒಬ್ಬ ಇಟ್ಟಿಗೆ ರಾಯರು ಸಿಕ್ಕೇ ಸಿಗುತ್ತಾರೆ. ಅವರು ರಾವ್ ಎಂದೇ ಆಗಿರಬೇಕಿಲ್ಲ. ಗೌಡರಿರಬಹುದು, ಶೆಟ್ಟರಿರಬಹುದು, ಪಾಟೀಲರಿರಬಹುದು. ವಯಸ್ಸು ನಲವತ್ತು ದಾಟಿರುತ್ತದೆ. ಕೆಲಸ ಕಂಪ್ಯೂಟರಿನದು. ಸಂಬಳ ಕೈತುಂಬ, ಕೂದಲು ಅಷ್ಟಕ್ಕಷ್ಟೆ. ಮೇಲ್ನೋಟಕ್ಕೆ ನಿಮ್ಮ ನಮ್ಮ ಹಾಗೆ ಗೃಹಸ್ಥರೇ. ಗುರುತು ಹಿಡಿಯಬೇಕಾದರೆ ಗೇಟಿನಲ್ಲಿ ಕೂತ ಸೆಕ್ಯೂರಿಟಿಯವನನ್ನು ಕೇಳಬೇಕು.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ರಾಯರ ಗುಟ್ಟು ಬಯಲಾದದ್ದೂ ಗೇಟಿನಲ್ಲೇ. ಕೊರಿಯರಿನವನು ತಂದ ಪಾರ್ಸೆಲಿನ ಹೊರರಟ್ಟು ಮಳೆಗೆ ನೆನೆದು ಹರಿದಿತ್ತು. ಒಳಗೆ ನುಣುಪಾದ ಕರಿ ಡಬ್ಬ, ಅದರ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ‘18+’. ಸೆಕ್ಯೂರಿಟಿಯವನು ಅದನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ರಾಯರ ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ಕೊಟ್ಟು ಬಂದ. ಆಮೇಲೆ ಒಂದು ವಾರ ರಾಯರನ್ನು ಕಂಡಾಗಲೆಲ್ಲ ಅವನ ಮೀಸೆಯಡಿ ಒಂದು ನಗು. ಒಳಗಿದ್ದದ್ದು ಪ್ಲಾಸ್ಟಿಕ್ ಇಟ್ಟಿಗೆ. ದೊಡ್ಡವರು ಆಟಿಕೆ ಕೊಳ್ಳಲು ನಾಚಿಕೊಳ್ಳದಿರಲಿ ಎಂದು ಲೆಗೊ ಕಂಪನಿಯವರು 2020ರಿಂದ ದೊಡ್ಡವರ ಸೆಟ್ಟುಗಳಿಗೆ ಕರಿ ಡಬ್ಬ ಮಾಡಿ 18+ ಎಂದು ಅಚ್ಚು ಹಾಕಿಸಿದ್ದಾರೆ. ಜಯನಗರದ ಕಡೆ ಅದಕ್ಕೆ ಬೇರೆ ಅರ್ಥ ಬರಬಹುದೆಂದು ಡೆನ್ಮಾರ್ಕಿನಲ್ಲಿ ಯಾರಿಗೆ ಹೊಳೆಯಬೇಕು?

ರಾಯರ ಮುಂದೆ ‘ಆಟದ ಸಾಮಾನು’ ಎಂಬ ಮಾತು ಆಡಕೂಡದು. ಅದು ಸೆಟ್ಟು. ಅದರೊಳಗಿನದು ಪೀಸು. ಅವರ ತಾಯಿ ಮಾತ್ರ ‘ಆ ಬೊಂಬೆ ಸಾಮಾನು’ ಎನ್ನುತ್ತಾರೆ, ಹೆಂಡತಿ ಬರೀ ‘ಪ್ಲಾಸ್ಟಿಕ್ಕು’ ಎನ್ನುತ್ತಾರೆ. ಇಬ್ಬರಿಗೂ ವಿನಾಯಿತಿಯಿದೆ, ಏಕೆಂದರೆ ಇಬ್ಬರಿಗೂ ಬೆಲೆ ಗೊತ್ತಿಲ್ಲ. ಬೆಲೆ ಕೇಳಿದರೆ ರಾಯರು ನೇರ ಉತ್ತರ ಕೊಟ್ಟವರಲ್ಲ. “ಒಟ್ಟು ನೋಡಬಾರದು ಕಣೇ, ಪೀಸಿಗೆ ಎಷ್ಟು ಬೀಳುತ್ತೆ ಅಂತ ನೋಡಬೇಕು” ಎಂದು ಭಾಗಾಕಾರ ಮಾಡಿ ತೋರಿಸುತ್ತಾರೆ. ಟೈಟಾನಿಕ್ ಹಡಗಿನ ಸೆಟ್ಟಿನಲ್ಲಿ 9,090 ಪೀಸು, ಐಫೆಲ್ ಗೋಪುರದಲ್ಲಿ 10,001. ಇಷ್ಟರಿಂದ ಭಾಗಿಸಿದರೆ ಎಂಥ ಮೊತ್ತವೂ ಕೊತ್ತಂಬರಿ ಸೊಪ್ಪಿನ ದರಕ್ಕೆ ಇಳಿಯುತ್ತದೆ. ಹೋದ ದೀಪಾವಳಿಯಲ್ಲಿ ಅವರ ಹೆಂಡತಿ ಒಂದು ಕಾಂಚೀಪುರಂ ಸೀರೆ ತಂದು, “ಎಳೆಗೆ ಎಷ್ಟು ಬೀಳುತ್ತೆ ಲೆಕ್ಕ ಹಾಕಿ” ಎಂದು ಮುಂದೆ ಹರವಿದರು. ರಾಯರು ಕನ್ನಡಕ ಒರೆಸಿಕೊಂಡು ಬಾಲ್ಕನಿಗೆ ಹೋದರು.

ಬೆಲೆಯ ವಿಷಯದಲ್ಲಿ ಸರ್ಕಾರವೂ ರಾಯರ ಕಡೆಗಿಲ್ಲ. ಹೊರದೇಶದ ಆಟಿಕೆಗಳ ಆಮದು ಸುಂಕ ಶೇ. 20 ಇದ್ದದ್ದು 2020ರಲ್ಲಿ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಬಜೆಟ್ ದಿನ ಇಡೀ ದೇಶ ಆದಾಯ ತೆರಿಗೆಯ ಸ್ಲ್ಯಾಬು ನೋಡುತ್ತಿದ್ದರೆ ರಾಯರು ಆಟಿಕೆಯ ಸಾಲು ಹುಡುಕುತ್ತಾರೆ. ಇದರ ಪೆಟ್ಟು ಬಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿರುವ ಭಾವಮೈದುನನಿಗೆ. ಮೊದಲೆಲ್ಲ ಅವನು ಊರಿಗೆ ಬಂದರೆ ಬಾದಾಮಿ, ಚಾಕೊಲೇಟು, ಅತ್ತೆಗೊಂದು ಶಾಲು ತರುತ್ತಿದ್ದ. ಈಗ ಎರಡು ಸೂಟ್‌ಕೇಸಿನಲ್ಲಿ ಒಂದು ಬಾವನದು. ಡಬ್ಬ ಬಿಚ್ಚಿ, ರಟ್ಟು ಮಡಿಸಿ, ನಂಬರು ಹಾಕಿದ ಚೀಲಗಳನ್ನು ಅಂಗಿ, ಪಂಚೆಗಳ ನಡುವೆ ತುರುಕಿ ತರಬೇಕು. ಅಕ್ಕನಿಗೆ ಬಾದಾಮಿ ನಿಂತುಹೋಗಿದೆ. ಭಾವಮೈದುನನೂ ಈಗೀಗ ಊರಿಗೆ ಬರುವುದನ್ನು ಕಡಿಮೆ ಮಾಡಿದ್ದಾನೆ.

ಈ ಹುಚ್ಚಿನವರಲ್ಲಿ ಒಂದು ಪರಿಭಾಷೆಯಿದೆ. ಹುಡುಗನಾಗಿದ್ದಾಗ ಇಟ್ಟಿಗೆ ಜೋಡಿಸಿದವನು ಮೀಸೆ ಬಂದ ಮೇಲೆ ಬಿಟ್ಟು, ಮತ್ತೆ ನಡುವಯಸ್ಸಿನಲ್ಲಿ ಹಿಡಿಯುವವರೆಗಿನ ಕಾಲಕ್ಕೆ ಅವರು ‘ಕತ್ತಲ ಯುಗ’ ಎನ್ನುತ್ತಾರೆ. ಲೋಕದಾದ್ಯಂತ ಇದೇ ಹೆಸರು. ಒಂದು ಸಂಜೆ ರಾಯರು ನಾಲ್ಕು ಜನರ ಮುಂದೆ, “ನಂದು ಇಪ್ಪತ್ತೈದು ವರ್ಷದ ಕತ್ತಲ ಯುಗ ಸಾರ್, ಏನೂ ಇರಲಿಲ್ಲ ಜೀವನದಲ್ಲಿ” ಎಂದು ನಿಟ್ಟುಸಿರು ಬಿಟ್ಟರು. ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತರು. ಆ ಇಪ್ಪತ್ತೈದು ವರ್ಷದಲ್ಲೇ ಇವರ ಮದುವೆಯಾದದ್ದು, ಮಗಳು ಹುಟ್ಟಿದ್ದು. ಅಂದಿನ ಕಾಫಿಗೆ ಸಕ್ಕರೆ ಇರಲಿಲ್ಲ; ನಾವೂ ಕೇಳಲಿಲ್ಲ.

ಈಗ ಮಡಿಯ ವಿಷಯಕ್ಕೆ ಬರುತ್ತೇನೆ. ರಾಯರ ತಾಯಿ ಹಳೇ ಕಾಲದವರು. ಅಡುಗೆಮನೆಯಲ್ಲಿ ಅವರದೊಂದು ಮೂಲೆ, ಒಂದು ತಂಬಿಗೆ, ಸ್ನಾನವಾದ ಮೇಲೆ ಯಾರೂ ಮುಟ್ಟುವಂತಿಲ್ಲ. ರಾಯರು ಕಾಲೇಜಿಗೆ ಹೋಗುವಾಗ ಇದನ್ನೆಲ್ಲ ಗೇಲಿ ಮಾಡಿ, ಬೇಕೆಂದೇ ತಂಬಿಗೆ ಮುಟ್ಟಿ ಬೈಸಿಕೊಂಡವರು. ಅದೇ ರಾಯರ ಕೋಣೆಗೆ ಈಗ ನೀವು ಹೋಗಬೇಕಾದರೆ ಕೈ ತೊಳೆದುಕೊಳ್ಳಬೇಕು. ಒದ್ದೆ ಕೈ ಆಗದು, ಒರೆಸಿರಬೇಕು. ಬೋಂಡಾ ತಿಂದ ಕೈ ಖಂಡಿತ ಆಗದು. ಫ್ಯಾನು ಹಾಕುವಂತಿಲ್ಲ, ಧೂಳು ಕೂರುತ್ತದೆ. ಕಿಟಕಿ ತೆಗೆಯುವಂತಿಲ್ಲ, ಬಿಳಿ ಇಟ್ಟಿಗೆ ಬಿಸಿಲು ತಾಕಿ ತಾಕಿ ಹಳದಿಗೆ ತಿರುಗುತ್ತದೆ. ಮನೆಯಲ್ಲಿ ಒಳ್ಳೆ ಬಿಸಿಲು ಬೀಳುವುದು ಅದೊಂದೇ ಕೋಣೆಗೆ, ತಾಯಿ ಪ್ರತಿ ಬೇಸಿಗೆ ಸಂಡಿಗೆ ಒಣಗಿಸುತ್ತಿದ್ದದ್ದೂ ಅಲ್ಲೇ. ಈಗ ಅಲ್ಲಿ ದಪ್ಪ ಪರದೆ. ಸಂಡಿಗೆ ತಾರಸಿಗೆ ಹೋಗಿ ಕಾಗೆಯ ಪಾಲಾಗುತ್ತಿದೆ. ವಾರಕ್ಕೊಮ್ಮೆ ಹಡಗಿನ ಡೆಕ್ಕು, ಗೋಪುರದ ಸಂದುಗೊಂದು ಗುಡಿಸಲು ರಾಯರು ಮೊದಲು ಹೆಂಡತಿಯ ಪೌಡರ್ ಬ್ರಷ್ ಬಳಸುತ್ತಿದ್ದರು. ಅದು ಗೊತ್ತಾದ ದಿನದಿಂದ ತಮ್ಮದೇ ಸ್ವಂತ ಬ್ರಷ್ ತಂದುಕೊಂಡಿದ್ದಾರೆ.

“ಇದಲ್ಲವೇನೋ ಮಡಿ?” ಎಂದು ತಾಯಿ ಒಮ್ಮೆ ಕೇಳಿದರಂತೆ. “ಇದು ಮೇಂಟೆನೆನ್ಸ್ ಅಮ್ಮ” ಎಂದರಂತೆ ರಾಯರು.

ರಾಯರಿಗೆ ಜಾತಿ ಗೀತಿ ಇಲ್ಲ, ಮದುವೆಯಾದದ್ದೂ ಬೇರೆ ಜಾತಿಯಲ್ಲಿ. ಆದರೆ ಇಟ್ಟಿಗೆಯ ವಿಷಯದಲ್ಲಿ ಅವರು ಪಂಕ್ತಿಭೇದ ಬಿಟ್ಟವರಲ್ಲ. ಲೆಗೊದ ಮೂಲ ಹಕ್ಕಿನ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲವೆಂದು ಯುರೋಪಿನ ನ್ಯಾಯಾಲಯವೂ 2010ರಲ್ಲಿ ಹೇಳಿತು. ಹಾಗಾಗಿ ಅದೇ ಅಳತೆಯ ಇಟ್ಟಿಗೆಯನ್ನು ಯಾರು ಬೇಕಾದರೂ ಮಾಡಬಹುದು. ಮಾಡಿ, ಕಾಲುಭಾಗ ಬೆಲೆಗೆ ಮಾರುತ್ತಾರೆ. ಮಗಳ ಹುಟ್ಟುಹಬ್ಬಕ್ಕೆ ಬರುವ ಹತ್ತರಲ್ಲಿ ಎಂಟು ಉಡುಗೊರೆ ಇಂಥವೇ. ರಾಯರು ನಗುನಗುತ್ತಾ ಥ್ಯಾಂಕ್ಸ್ ಹೇಳಿ, ಅತಿಥಿಗಳು ಲಿಫ್ಟು ಹತ್ತಿದ ಮೇಲೆ ಒಂದೊಂದು ಪೀಸನ್ನೂ ಟ್ಯೂಬ್‌ಲೈಟಿಗೆ ಹಿಡಿಯುತ್ತಾರೆ. ಅಸಲಿಯಾದರೆ ಮೇಲಿನ ಒಂದೊಂದು ಗುಂಡು ಉಬ್ಬಿನ ಮೇಲೂ ಕಂಪನಿಯ ಹೆಸರು ಸಣ್ಣಗೆ ಮೂಡಿರುತ್ತದೆ. ಮೂಡಿರದವು ಮಗಳ ಕೋಣೆಯ ನೀಲಿ ಬಕೆಟ್ಟಿಗೆ. ಆ ಬಕೆಟ್ಟಿನದು ಈ ಕೋಣೆಗೆ ಬರುವಂತಿಲ್ಲ, ಈ ಕೋಣೆಯದು ಅಲ್ಲಿಗೆ ಹೋದರೆ ವಾಪಸ್ಸು ಸೇರಿಸಿಕೊಳ್ಳುವ ಮುಂಚೆ ಸೋಪಿನ ನೀರಿನಲ್ಲಿ ಅದ್ದಬೇಕು.

ತಾಯಿಗೆ ಮಗನ ಮೇಲೆ ಒಮ್ಮೆ ಮಾತ್ರ ತುಂಬು ಪ್ರೀತಿ ಉಕ್ಕಿತ್ತು. ಅದು ರಾಯರು ಅಡುಗೆಮನೆಯ ಮೊರ ಕೇಳಿದ ದಿನ. ಮೊರದ ತುಂಬ ಸಣ್ಣ ಸಣ್ಣ ಬೂದು ಬಣ್ಣದ ಚೂರು ಹರವಿಕೊಂಡು, ಬಗ್ಗಿ, ಬೆರಳಿನಿಂದ ಒಂದೊಂದನ್ನೇ ಸರಿಸುತ್ತ ಕೂತಿದ್ದರು. ಪೀಸುಗಳನ್ನು ಬಣ್ಣದ ಪ್ರಕಾರ ವಿಂಗಡಿಸುವವನು ಹೊಸಬ. ಬಲ್ಲವರು ಆಕಾರದ ಪ್ರಕಾರ ವಿಂಗಡಿಸುತ್ತಾರೆ, ಕರಿ ರಾಶಿಯಲ್ಲಿ ಕರಿ ಚೂರು ಕಣ್ಣಿಗೆ ಬೀಳುವುದಿಲ್ಲವಲ್ಲ. ತಾಯಿ ದೂರದಿಂದ ನೋಡಿ, “ಪಾಪ, ಅಕ್ಕಿ ಆರಿಸ್ತಿದಾನೆ, ಯಾರೂ ಮಾತಾಡಿಸಬೇಡಿ” ಎಂದು ಸೊಸೆಗೆ ಹೇಳಿದರು. ಹತ್ತಿರ ಹೋಗಿ ನೋಡಿದ ಮೇಲೆ ಮೊರ ಕಿತ್ತುಕೊಂಡರು.

ಮೊರದಿಂದ ಸಾರಿಗೆ ಬಹಳ ದೂರವಿಲ್ಲ. ಒಂದು ಭಾನುವಾರ ನುಗ್ಗೆಕಾಯಿ ಹುಳಿಯಲ್ಲಿ ಒಂದು ಹಳದಿ ತಲೆ ಬಂತು. ಎರಡು ಚುಕ್ಕೆ ಕಣ್ಣು, ಒಂದು ನಗು, ಮೂಗಿಲ್ಲ. 1978ರಿಂದ ಆ ಪುಟಾಣಿ ಮನುಷ್ಯರು ಮೂಗಿಲ್ಲದೆಯೇ ಬರುತ್ತಿದ್ದಾರೆ. ಬಡಿಸಿದ ಸೌಟಿನಲ್ಲಿ ಅದು ನಗುತ್ತ ಕೂತಿತ್ತು. ತಾಯಿ ಎಲೆ ಬಿಟ್ಟು ಎದ್ದರು. ಹೆಂಡತಿ ಇಡೀ ಪಾತ್ರೆಯ ಹುಳಿಯನ್ನು ಸಿಂಕಿಗೆ ಬಗ್ಗಿಸಿದರು. ಮಗಳು ಉರುಳಾಡಿ ನಕ್ಕಳು. ರಾಯರ ಮುಖ ಮಾತ್ರ ಬಿಳಿಚಿತ್ತು. “ನಲವತ್ತು ಡಿಗ್ರಿಗಿಂತ ಬಿಸಿ ನೀರು ತಾಗಿಸಬೇಡಿ ಅಂತ ಕಂಪನಿಯವರೇ ಹೇಳ್ತಾರೆ ಕಣ್ರೇ. ಇದು ಎಷ್ಟು ಹೊತ್ತು ಕುದಿದಿದೆಯೋ!” ಎಂದು ಆ ತಲೆಯನ್ನು ತಣ್ಣೀರಿನ ಲೋಟಕ್ಕೆ ಹಾಕಿದರು. ಮುಖದ ಗೆರೆ ಅಳಿಸಿರಲಿಲ್ಲ. ಸ್ವಲ್ಪ ಇಂಗಿನ ವಾಸನೆ ಈಗಲೂ ಇದೆಯಂತೆ.

ನಡುರಾತ್ರಿ ನೀರಿಗೆಂದು ಎದ್ದು ಇಟ್ಟಿಗೆ ತುಳಿದವರ ಕಥೆ ಎಲ್ಲರಿಗೂ ಗೊತ್ತು, ವಿಸ್ತರಿಸುವುದಿಲ್ಲ. ಭಾವಮೈದುನ ತುಳಿದು ಕುಂಟಿಕೊಂಡು ಬಂದಾಗ ರಾಯರು ಹೇಳಿದ ಸಾಂತ್ವನ ಮಾತ್ರ ದಾಖಲಾಗಬೇಕು: “ಏನೂ ಆಗಲ್ಲ ಬಿಡೋ. 2012ರಲ್ಲಿ ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯಲ್ಲಿ ಟೆಸ್ಟ್ ಮಾಡಿದಾರೆ. ಎರಡು-ಎರಡರ ಒಂದು ಇಟ್ಟಿಗೆ ನಾನೂರ ಮೂವತ್ತು ಕೆಜಿ ಭಾರ ತಡೆಯುತ್ತೆ. ನೀನು ಎಂಬತ್ತಿರಬಹುದು.”

ಇಂಥ ಮಾಹಿತಿ ರಾಯರಲ್ಲಿ ಅಪಾರ. ಬಿಲ್ಲುಂಡ್ ಎಂಬ ಡೆನ್ಮಾರ್ಕಿನ ಹಳ್ಳಿ, ಅಲ್ಲೊಬ್ಬ ಓಲೆ ಕಿರ್ಕ್ ಕ್ರಿಶ್ಚಿಯನ್ಸೆನ್ ಎಂಬ ಬಡಗಿ, 1932ರ ಆರ್ಥಿಕ ಕುಸಿತದಲ್ಲಿ ಮನೆ ಕಟ್ಟಿಸುವವರಿಲ್ಲದೆ ಮರದ ಆಟಿಕೆ ಮಾಡಲು ಕೂತದ್ದು, ಅಂಗಡಿಗೆ ಬೆಂಕಿ ಬಿದ್ದದ್ದು, 1949ರಲ್ಲಿ ಮೊದಲ ಪ್ಲಾಸ್ಟಿಕ್ ಇಟ್ಟಿಗೆ, 1958ರ ಜನವರಿ 28ರಂದು ಒಳಗೆ ಕೊಳವೆಯಿರುವ ಇಟ್ಟಿಗೆಗೆ ಪೇಟೆಂಟ್ ಅರ್ಜಿ. ಹರಿಕಥೆಯ ದಾಸರೂ ಇಷ್ಟು ತನ್ಮಯರಾಗಿ ಹೇಳಲಾರರು. ಅದೇ ವರ್ಷ ಮಾರ್ಚಿನಲ್ಲಿ ಬಡಗಿ ತೀರಿಕೊಂಡ ಎನ್ನುವಾಗ ದನಿ ಗದ್ಗದವಾಗುತ್ತದೆ. ಸ್ವಂತ ಮದುವೆಯ ತಾರೀಖು ಫೋನು ನೆನಪಿಸಬೇಕು, ಜನವರಿ 28ಕ್ಕೆ ಫೋನು ಬೇಡ. ಆದರೆ ಆ ಮೊದಲ ಇಟ್ಟಿಗೆ ಬಂದದ್ದು ಹಿಲರಿ ಪೇಜ್ ಎಂಬ ಇಂಗ್ಲಿಷಿನವನ ಕಿಡ್ಡಿಕ್ರಾಫ್ಟ್ ಇಟ್ಟಿಗೆಯನ್ನು ನೋಡಿಕೊಂಡು ತಾನೇ ಎಂದು ಯಾರಾದರೂ ಎತ್ತಿದರೆ ರಾಯರು ಕೆಮ್ಮುತ್ತಾರೆ. “ಒಳಗಿನ ಕೊಳವೆ ಇವರದೇ ಸಾರ್” ಎನ್ನುತ್ತಾರೆ. ಅದೂ ನಿಜವೇ. ಆ ಕೊಳವೆಯಿಂದಲೇ ಇಟ್ಟಿಗೆ ಇಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ, ಎಳೆದರೆ ಬಿಡುತ್ತದೆ. 1958ರ ಇಟ್ಟಿಗೆ ಇವತ್ತಿನದಕ್ಕೆ ಕೂರುತ್ತದೆ ಎಂದು ಅವರು ಹೇಳುವಾಗ ನನಗೂ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಬಾತ್‌ರೂಮಿನ ಹೊಸ ನಲ್ಲಿಗೆ ಹೋದ ವರ್ಷದ ವಾಷರು ಕೂರುವುದಿಲ್ಲ.

ಬಣ್ಣದ ಕಥೆಯೇ ಬೇರೆ. ಸೀರೆ ಅಂಗಡಿಯಲ್ಲಿ ಎಲೆಹಸಿರಿಗೂ ಗಿಣಿಹಸಿರಿಗೂ ವ್ಯತ್ಯಾಸ ತಿಳಿಯದೆ “ಎರಡೂ ಹಸಿರೇ ಅಲ್ವಾ” ಎಂದು ಬೈಸಿಕೊಂಡ ಮನುಷ್ಯ ಇವರು. ಆದರೆ ಕಂಪನಿಯವರು 2004ರಲ್ಲಿ ಬೂದು ಬಣ್ಣವನ್ನು ಒಂದಿಷ್ಟು ನೀಲಿಯ ಕಡೆಗೆ ತಿರುಗಿಸಿದರು ಎಂಬುದು ಇವರ ಎದೆಯಲ್ಲಿನ ಮಾಯದ ಗಾಯ. ರಾಯರಂಥವರೇ ಇನ್ನೊಬ್ಬರು ಆರ್‌.ಟಿ. ನಗರದಿಂದ ಬರುತ್ತಾರೆ. ಹಳೆ ಬೂದು, ಹೊಸ ಬೂದು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಇಬ್ಬರೂ ಇಡೀ ಸಂಜೆ ಕಳೆಯುತ್ತಾರೆ. ನನಗೂ ತೋರಿಸಿದರು. ನನ್ನ ಕಣ್ಣಿಗೆ ಕಂಡದ್ದು ಎರಡು ಬೂದು ಚೂರು.

ಇಷ್ಟೆಲ್ಲ ಹೇಳಿದ ಮೇಲೆ ರಾಯರು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ. ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆ ಕೈಗೆ ಕೊಟ್ಟು, “ಇವನ್ನ ಎಷ್ಟು ಥರ ಜೋಡಿಸಬಹುದು ಹೇಳಿ” ಎನ್ನುತ್ತಾರೆ. ನೂರು, ಸಾವಿರ ಎಂದು ತಡವರಿಸುತ್ತೀರಿ. “ತೊಂಬತ್ತೊಂದು ಕೋಟಿ ಐವತ್ತೊಂದು ಲಕ್ಷದ ಮೂರು ಸಾವಿರದ ಏಳುನೂರ ಅರವತ್ತೈದು!” ಲೆಕ್ಕ ಸರಿಯಾದದ್ದೇ, ಗಣಿತದವರು ಕಂಪ್ಯೂಟರಿನಲ್ಲಿ ಎಣಿಸಿರುವುದು. ನನಗೆ ಅರ್ಥವಾಗದ್ದು ಬೇರೆ. ಆರೇ ಇಟ್ಟಿಗೆಗೆ 91,51,03,765 ದಾರಿಯಿದ್ದರೂ ರಾಯರು ಹಿಡಿಯುವುದು ಪುಸ್ತಕದಲ್ಲಿ ಬರೆದಿರುವ ಒಂದೇ ದಾರಿ. ಒಂದನೇ ಚೀಲ ಮುಗಿಯದೆ ಎರಡನೆಯದು ಒಡೆಯುವುದಿಲ್ಲ. ಆಫೀಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಹೇಳಿದ ಹಾಗೆ ಮಾಡಿ ಬೇಸತ್ತು ಬಂದ ಮನುಷ್ಯ, ರಾತ್ರಿ ಊಟವಾದ ಮೇಲೆ ಇನ್ನೂರು ಪುಟದ ಪುಸ್ತಕ ಹೇಳಿದ ಹಾಗೆ ಮಾಡಿ ದಣಿವಾರಿಸಿಕೊಳ್ಳುತ್ತಾನೆ! ನಡುವೆ ಇಲ್ಲಿ ಮೇಸ್ತ್ರಿ ಕೈಕೊಡುವುದಿಲ್ಲ, ಮರಳಿನ ಲಾರಿ ತಡವಾಗುವುದಿಲ್ಲ, ಖಾತಾ ತಕರಾರಿಲ್ಲ. ಮನೆ ಕಟ್ಟಿ ನೋಡು ಎಂದು ಹಿರಿಯರು ಹೆದರಿಸಿದ್ದು ಈ ಮನೆಯ ಕುರಿತು ಅಲ್ಲ. ಕಟ್ಟಿ ಮುಗಿದ ಮೇಲೆ ನಾಲ್ಕಾರು ಸಣ್ಣ ಪೀಸು ಉಳಿಯುತ್ತವೆ. ಕಳೆದುಹೋದೀತೆಂದು ಕಂಪನಿಯವರೇ ಹೆಚ್ಚಿಗೆ ಹಾಕಿರುತ್ತಾರೆ. ಮೊದಲ ಸಲ ಅದನ್ನು ಕಂಡ ಹೆಂಡತಿ, “ಮಿಕ್ಸಿ ರಿಪೇರಿ ಮಾಡಿದಾಗಲೂ ಹೀಗೇ ಉಳಿಸಿದ್ರಿ” ಎಂದರು.

ಉಳಿದ ತೊಂಬತ್ತೊಂದು ಕೋಟಿ ದಾರಿಗಳು ಮಗಳ ಪಾಲಿಗಿವೆ. ನೀಲಿ ಬಕೆಟ್ಟಿನಿಂದ ಅವಳು ರೆಕ್ಕೆಯಿರುವ ಬಸ್ಸು, ಮೂರು ತಲೆಯ ನಾಯಿ, ಅಜ್ಜಿಯ ಕನ್ನಡಕಕ್ಕೆ ಸ್ಟ್ಯಾಂಡು ಎಲ್ಲ ಮಾಡುತ್ತಾಳೆ. ಸಂಜೆಗೆ ಮುರಿದು ಮತ್ತೊಂದು. ಮುರಿಯುವ ಸದ್ದು ಕೇಳಿದಾಗಲೆಲ್ಲ ಈ ಕೋಣೆಯಲ್ಲಿ ರಾಯರ ಹೆಗಲು ಒಮ್ಮೆ ಜಗ್ಗುತ್ತದೆ.

ಹೋದ ನವರಾತ್ರಿಯಲ್ಲಿ ಈ ಎರಡು ಕೋಣೆಗಳೂ ಸೇರಿ ಒಂದು ಘಟನೆಯಾಯಿತು. ರಾಯರ ತಾಯಿ ಮೈಸೂರಿನವರು, ಗೊಂಬೆ ಕೂರಿಸುವುದನ್ನು ಬಿಟ್ಟವರಲ್ಲ. ಮೇಲಿನ ಮೆಟ್ಟಿಲಿಗೆ ಅವರ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆ, ಅದರ ಕೆಳಗೆ ದಶಾವತಾರ, ಚನ್ನಪಟ್ಟಣದ ಮರದ ಸಾಮಾನು, ಕೊನೆಗೆ ಶೆಟ್ಟರ ಅಂಗಡಿ. ರಾಯರು ಒಂದು ಮೆಟ್ಟಿಲು ಕೇಳಿದರು. ಮಗ ಕೊನೆಗೂ ದಾರಿಗೆ ಬಂದನೆಂದು ತಾಯಿ ಖುಷಿಯಿಂದ ಒಪ್ಪಿದರು. ರಾಯರು ಉಸಿರು ಬಿಗಿಹಿಡಿದು, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದದ್ದು ತಾಜ್ ಮಹಲ್. 5,923 ಪೀಸು.

ತಾಯಿ ಅಮೃತಶಿಲೆಯಂಥ ಆ ಬಿಳುಪನ್ನು ಮೆಚ್ಚಿ ನೋಡಿದರು. ಆಮೇಲೆ ಕೇಳಿದರು: “ಮುತ್ತೈದೆಯರು ಬರೋ ಹಬ್ಬದಲ್ಲಿ ಗೋರಿ ತಂದಿಡ್ತೀಯೇನೋ?”

ತಾಜ್ ಮಹಲ್ ಬಂದ ಹಾಗೇ ಕೋಣೆಗೆ ಹೋಯಿತು. ಮೈಸೂರು ಅರಮನೆಯ ಸೆಟ್ಟು ಕಂಪನಿಯವರು ಮಾಡಿಲ್ಲ. ಮೊದಲ ಬಾರಿಗೆ ರಾಯರು ಪುಸ್ತಕವಿಲ್ಲದೆ ಕೂತರು, ಜಂಬೂ ಸವಾರಿಯ ಆನೆ ಮಾಡುತ್ತೇನೆಂದು. ಬೂದು ಇಟ್ಟಿಗೆಯ ಆನೆ, ಅದರ ಮೇಲೆ ಚಿನ್ನದ ಬಣ್ಣದ ಅಂಬಾರಿ. ಅಂಬಾರಿ ಚೆನ್ನಾಗಿಯೇ ಬಂತು. ಆದರೆ ಆನೆ ನಿಲ್ಲಲಿಲ್ಲ. ಮೈಸೂರಿನಲ್ಲಿ ನಿಜವಾದ ಆನೆ 750 ಕೆಜಿ ಅಂಬಾರಿ ಹೊತ್ತು ನಡೆಯುತ್ತದೆ. ಇಲ್ಲಿ ನೂರೈವತ್ತು ಗ್ರಾಮಿಗೇ ಮುಂದಿನ ಎಡಗಾಲು ಮುರಿದು ಮಂಡಿಯೂರುತ್ತಿತ್ತು. ಗೋಂದು ಹಾಕಬಾರದೇ ಎಂದೆ. ರಾಯರು ನನ್ನನ್ನು ನೋಡಿದ ನೋಟವನ್ನು ನಾನು ಬೇಗ ಮರೆಯಲಾರೆ. ಬೇಕಾದ ಅಳತೆಯ ಬೂದು ಪೀಸಿಗೆ ಹೊರದೇಶದಿಂದ ಆರ್ಡರ್ ಹಾಕಿದರೆ ಬರುವಷ್ಟರಲ್ಲಿ ದೀಪಾವಳಿಯಾಗುತ್ತದೆ. ಬೆಳಗಿನ ಜಾವ ಆನೆಯನ್ನು ಮಲಗಿಸಿ ತಾವೂ ಮಲಗಿದರು.

ಎದ್ದು ನೋಡಿದರೆ ಆನೆ ನಿಂತಿದೆ! ರಾಯರಿಗೆ ರಾತ್ರಿ ತಾವೇ ನಿಲ್ಲಿಸಿದ ನೆನಪು ಬಂದುಬಿಟ್ಟಿತು. ಮೆಟ್ಟಿಲಿಗೆ ಏರಿಸಿ ಫೋಟೋ ತೆಗೆದು ಆರ್‌.ಟಿ. ನಗರಕ್ಕೆ ಕಳಿಸಿದರು. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಆನೆಯನ್ನೇ ನೋಡಿದರು. ಜೊತೆಗೆ ಬಂದ ಮಕ್ಕಳ ಕೈ ಒಂದೊಂದಾಗಿ ಮುಂದೆ ಬಂತು. ರಾಯರು ಬೆವರತೊಡಗಿದರು. ಕಡೆಗೆ ತಾಯಿಯೇ ಕೋಸಂಬರಿಯ ಪಾತ್ರೆ ಕೆಳಗಿಟ್ಟು, “ಮುಟ್ಟಬೇಡ್ರೋ ಮಕ್ಕಳಾ, ಮಡೀಲಿದೆ” ಎಂದರು. ಒಂದು ಮಗುವೂ ಮುಟ್ಟಲಿಲ್ಲ. ಆ ರಾತ್ರಿ ರಾಯರು ತಾಯಿಗೆ ಹೇಳಿ, ತಾವಾಗಿಯೇ ಕೋಣೆಯ ಪರದೆಯನ್ನು ಬೇಸಿಗೆಯಲ್ಲಿ ವಾರಕ್ಕೆರಡು ದಿನ ಸರಿಸಲು ಒಪ್ಪಿಕೊಂಡರು.

ನೀವೂ ಎಂದಾದರೂ ಇಂಥ ರಾಯರ ಮನೆಗೆ ಹೋಗುವವರಿದ್ದೀರಿ, ಆದ್ದರಿಂದ ಒಂದು ಮಾತು. ಚಪ್ಪಲಿ ಹೊರಗೆ ಬಿಟ್ಟರೂ ನೆಲ ನೋಡಿಕೊಂಡು ನಡೆಯಿರಿ. ಬೆಲೆ ಕೇಳಬೇಡಿ, ಕೇಳಲೇಬೇಕಿದ್ದರೆ ಹೆಂಡತಿ ಒಳಗಿಲ್ಲದಾಗ ಕೇಳಿ. ಮಕ್ಕಳಿದ್ದರೆ ಮಗಳ ಕೋಣೆಗೆ ಬಿಡಿ, ನಿಮಗೆ ಬೇಸರವಾದರೆ ನೀವೂ ಅಲ್ಲಿಗೇ ಹೋಗಿ. ಸೋಫಾದ ಸಂದಿನಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕರೆ ಬಿಸಾಡಬೇಡಿ, ಟಿವಿ ಪಕ್ಕದ ಲೋಟಕ್ಕೆ ಹಾಕಿ. ಅವರು ಅದನ್ನೇ ಹುಡುಕುತ್ತಿರುತ್ತಾರೆ. ಹಳೆ ಬೂದೇ ಚೆನ್ನಾಗಿತ್ತು ಎಂದರೆ ಇನ್ನೊಂದು ಕಾಫಿ ಬರುತ್ತದೆ. ಆ ಆನೆಯ ಮುಂದಿನ ಎಡಗಾಲಲ್ಲಿರುವ ಇಟ್ಟಿಗೆಯ ಮೇಲೆ ಯಾವ ಹೆಸರೂ ಇಲ್ಲ, ಅದು ನೀಲಿ ಬಕೆಟ್ಟಿನದು ಎಂದು ಮಗಳು ನನಗೆ ಹೇಳಿದ್ದಾಳೆ. ದಯವಿಟ್ಟು ಅದನ್ನು ಮಾತ್ರ ಬಾಯಿ ಬಿಡಬೇಡಿ.